ಹಸುವಿನ ಔಷಧಿ ಬೇರೆ, ಮಗುವಿನ ಪೆಟ್ಟಿಗೆ ಬೇರೆ



ಕೆಚ್ಚಲು ಬಾವು ಬಂದಿದ್ದ ಹಸುವನ್ನು ನೋಡಲು ಈಚೆಗೆ ಒಂದು ಮನೆಗೆ ಹೋಗಿದ್ದೆ. ಗೋಡೆಯ ಗೂಡಿನಲ್ಲಿ ಹಸುವಿನ ಕ್ಯಾಲ್ಸಿಯಂ, ಪಕ್ಕದಲ್ಲೇ ಮಗುವಿನ ಜ್ವರದ ಸಿರಪ್, ಅದರಾಚೆ ತಂಪು ಪಾನೀಯದ ಬಾಟಲಿಯಲ್ಲಿ ಉಣ್ಣೆ ಔಷಧಿ. ನಾನು ಸಿರಿಂಜ್ ತುಂಬುತ್ತಿದ್ದಾಗ ಮೂರು ವರ್ಷದ ಮಗು ಆ ಬಾಟಲಿಗೇ ಕೈ ಹಾಕಿತು. ಅಜ್ಜಿ ಓಡಿಬಂದು ಕಿತ್ತುಕೊಂಡರು. "ಮಿಕ್ಕಿದ್ದನ್ನು ಅದರಲ್ಲಿ ಹಾಕಿಟ್ಟಿದ್ದೆ ಡಾಕ್ಟ್ರೇ" ಎಂದರು ತಾಯಿ. ಅಂದು ಏನೂ ಆಗಲಿಲ್ಲ. ಪ್ರತಿ ಸಲವೂ ಅಜ್ಜಿ ಪಕ್ಕದಲ್ಲಿರುವುದಿಲ್ಲ.

ಆದ್ದರಿಂದ ಮೊದಲು ಎರಡನ್ನೂ ಬೇರೆ ಮಾಡಿ. ಉಣ್ಣೆ ಔಷಧಿ, ಜಂತುಹುಳು ಔಷಧಿ, ಕ್ಯಾನ್ ತೊಳೆಯುವ ಪುಡಿ ಎಲ್ಲವೂ ತಮ್ಮ ಮೂಲ ಡಬ್ಬಿಯಲ್ಲೇ, ಬೀಗದೊಳಗೆ ಇರಲಿ. ಬಳಸಿದ ಸೂಜಿಯನ್ನು ಕೊಟ್ಟಿಗೆಯಲ್ಲಿ ಬಿಡಬೇಡಿ. ಬಂದ ವೈದ್ಯರಿಗೇ ಕೊಡಿ.

ಮಗುವಿಗೆ ಮುಚ್ಚಳವಿರುವ ಒಂದು ಡಬ್ಬಿ ಸಾಕು. ಅದು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿರಲಿ. ಅದರಲ್ಲಿ ಇವು ಇರಲಿ:

• ಓಆರ್‌ಎಸ್ ಪೊಟ್ಟಣ ಮತ್ತು ಝಿಂಕ್ ಮಾತ್ರೆ. ಇವು ಆಶಾ ಕಾರ್ಯಕರ್ತೆಯ ಬಳಿ ಸಿಗುತ್ತವೆ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಭೇದಿ ನಿಂತರೂ ಝಿಂಕ್ 14 ದಿನ ಕೊಡಬೇಕು. ಕರುವಿನ ಭೇದಿಗೆ ತಂದ ಪುಡಿ ಮಗುವಿಗೆ ಬೇಡ.
• ಪ್ಯಾರಾಸಿಟಮಾಲ್ ಸಿರಪ್, ಅಳತೆಯ ಮುಚ್ಚಳ, ಥರ್ಮಾಮೀಟರ್. 5 ಮಿ.ಲೀ.ಗೆ 125 ಮಿ.ಗ್ರಾಂ, 250 ಮಿ.ಗ್ರಾಂ ಎಂದು ಬೇರೆಬೇರೆ ಸಿರಪ್‌ಗಳಿವೆ. ಮಗುವಿನ ತೂಕಕ್ಕೆ ಎಷ್ಟು ಎಂದು ವೈದ್ಯರನ್ನು ಕೇಳಿ ಬಾಟಲಿಯ ಮೇಲೆ ಬರೆದಿಡಿ.
• ಹತ್ತಿ, ಗಾಜ್ ಬಟ್ಟೆ, ಬ್ಯಾಂಡೇಜ್, ಟೇಪ್, ಕತ್ತರಿ, ಮುಳ್ಳು ತೆಗೆಯುವ ಚಿಮಟ, ಹೊಸ ಸೋಪು.
• ಮುಚ್ಚಳದ ಒಳಗೆ ಅಂಟಿಸಿದ ಚೀಟಿ: 108, ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯ ನಂಬರ್.

ಬಿಸಿನೀರು ಬಿದ್ದು ಸುಟ್ಟರೆ 20 ನಿಮಿಷ ತಣ್ಣೀರು ಸುರಿಯಿರಿ. ಟೂತ್‌ಪೇಸ್ಟ್, ಕಾಫಿಪುಡಿ ಹಚ್ಚಬೇಡಿ. ನಾಯಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆಗೆ ಕರೆದೊಯ್ಯಿರಿ. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಬೇಡ. ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.

ಉಣ್ಣೆ ಔಷಧಿ ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ, ಔಷಧಿ ಶ್ವಾಸಕೋಶಕ್ಕೆ ಇಳಿದೀತು. ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಬಿಚ್ಚಿ ಸೋಪಿನಿಂದ ತೊಳೆಯಿರಿ. ತಕ್ಷಣ 108ಕ್ಕೆ ಕರೆ ಮಾಡಿ, ಔಷಧಿಯ ಬಾಟಲಿಯನ್ನೂ ಒಯ್ಯಿರಿ. ಯಾವ ವಿಷವೆಂದು ವೈದ್ಯರಿಗೆ ಹೇಳುವುದು ಅದರ ಲೇಬಲ್ಲೇ. ತಂಪು ಪಾನೀಯದ ಬಾಟಲಿ ಏನನ್ನೂ ಹೇಳುವುದಿಲ್ಲ.

ತಿಂಗಳ ಮೊದಲ ಬಟವಾಡೆಯ ದಿನ ಡಬ್ಬಿ ತೆರೆದು, ಅವಧಿ ಮುಗಿದದ್ದನ್ನು ತೆಗೆದು, ಖಾಲಿಯಾದದ್ದನ್ನು ತಂದಿಡಿ.

ಹಸು ಒಂದು ಹೊತ್ತು ಮೇವು ಬಿಟ್ಟರೂ ನೀವು ನನಗೆ ಫೋನ್ ಮಾಡುತ್ತೀರಿ. ಮಗು ಹಾಲು ಕುಡಿಯದೆ ಮಂಕಾಗಿದ್ದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಡಬ್ಬಿಯನ್ನು ನಂಬಿ ಕೂರಬೇಡಿ. ಅಷ್ಟೇ ಬೇಗ ಆಸ್ಪತ್ರೆಗೆ ಹೊರಡಿ.