ಭೀಮಾತೀರದ ಕುದುರೆಗೆ ವಂಶಾವಳಿ ಬರೆದವರಿಲ್ಲ

ಭೀಮಾ ನದಿಯ ದಂಡೆಯಲ್ಲಿ ಬೆಳೆದ ಒಂದು ಕುದುರೆ ತಳಿ ಇದೆ. ಹೆಸರು ಭೀಮಥಡಿ, ದಖ್ಖನಿ ಎಂದೂ ಕರೆಯುತ್ತಾರೆ. ‘ಥಡಿ’ ಎಂದರೆ ನಮ್ಮ ‘ತಡಿ’ಯೇ, ನದಿಯ ದಡ. ಮಾರವಾಡಿ, ಕಾಠಿಯಾವಾಡಿ ಕುದುರೆಗಳ ಹೆಸರು ಕೇಳಿದವರಿಗೂ ಇದರ ಸುದ್ದಿ ಗೊತ್ತಿರುವುದು ಅಪರೂಪ. ಬೆಂಗಳೂರಿನ ವಸಂತಪುರ, ಬನಶಂಕರಿಯ ಬೀದಿಗಳಲ್ಲಿ ಈಗ ಕುದುರೆ ಕಣ್ಣಿಗೆ ಬೀಳುವುದೇ ಮದುವೆ ಮೆರವಣಿಗೆಯಲ್ಲಿ. ಅದು ಯಾವ ತಳಿಯದೆಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸಿದರೂ ಸಿಗುವ ಉತ್ತರ ಒಂದೇ: ಕುದುರೆ ನಮ್ಮ ನೆಲದ್ದಲ್ಲ, ಅರಬ್ಬಿ ಸಮುದ್ರ ದಾಟಿ ಬಂದದ್ದು. ಈ ಉತ್ತರದಲ್ಲಿ ಅರ್ಧ ಮಾತ್ರ ನಿಜ. ಮೇಯುವ ನೆಲ, ಹೊರುವ ಹೇರು, ಯಾವ ಮರಿಯನ್ನು ಉಳಿಸಿಕೊಳ್ಳಬೇಕೆಂಬ ಸಾಕುವವನ ಲೆಕ್ಕ, ಇಷ್ಟೂ ತಲೆಮಾರುಗಟ್ಟಲೆ ಕೂಡಿಬಂದಾಗ ತಳಿ ಹುಟ್ಟುತ್ತದೆ. ಮೊದಲ ಗಂಡುಕುದುರೆ ಎಲ್ಲಿಂದ ಬಂತೆಂಬುದು ಆ ಕಥೆಯ ಮೊದಲ ಸಾಲು ಅಷ್ಟೇ.

ಹಾಗಾದರೆ ವಿಜಯನಗರದ ಅರಸರು ಅಷ್ಟೊಂದು ಹೊನ್ನು ಸುರಿದು ಭಟ್ಕಳ, ಗೋವೆಗಳ ಬಂದರಿನಿಂದ ಕುದುರೆ ತರಿಸಿದ್ದೇಕೆ ಎಂದು ಕೇಳಬಹುದು. ಒಪ್ಪತಕ್ಕ ಪ್ರಶ್ನೆ. ಇದಕ್ಕೆ ಉತ್ತರ 16ನೇ ಶತಮಾನದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್‌ನ ಬರಹದಲ್ಲೇ ಇದೆ. ಅರಸನು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದನೆಂಬ ಅವನ ಮಾತನ್ನು ಎಲ್ಲರೂ ಉದ್ಧರಿಸುತ್ತಾರೆ. ಆದರೆ ಅದೇ ವಾಕ್ಯದಲ್ಲಿ ಪಾರಸಿ ಕೊಲ್ಲಿಯ ಹೊರ್ಮುಜ್‌ನ ಕುದುರೆಗಳ ಪಕ್ಕದಲ್ಲೇ ನಾಡಕುದುರೆಗಳ ಹೆಸರೂ ಬರುತ್ತದೆ. ಒಳ್ಳೆಯ ಪಾರಸಿ ಕುದುರೆಗಳನ್ನು ತನ್ನ ಲಾಯಕ್ಕೆ ಇಟ್ಟುಕೊಂಡು, ನಾಡಕುದುರೆಗಳನ್ನು ಸಾವಿರ ಪರ್ದಾವ್ ಹೊನ್ನಿನ ನಾಣ್ಯಕ್ಕೆ ಐದರಂತೆ ದಂಡನಾಯಕರಿಗೆ ಮಾರುತ್ತಿದ್ದನಂತೆ. ಅಂದರೆ ತಲಾ 200. ಪೇಟೆಯಲ್ಲಿ ಬೇರೆ ಹೆಸರು, ಬೇರೆ ಬೆಲೆ ಇದ್ದ ಮೇಲೆ ಅದನ್ನು ಸಾಕುವವರೂ ಇದ್ದರು ಎಂದೇ ತಿಳಿಯಬೇಕು. ದಕ್ಷಿಣದ ಹವೆಗೆ ಕುದುರೆ ಬಾಳದು ಎಂದು ಮಾರ್ಕೊ ಪೋಲೊನನ್ನು ಸಾಕ್ಷಿಗೆ ಕರೆಯುವವರೂ ಇದ್ದಾರೆ. ಅವನು ಹೇಳಿದ್ದು ತಮಿಳು ಕರಾವಳಿಯ ಮಾತು, ಕುದುರೆಗೆ ಬೇಯಿಸಿದ ಅನ್ನ, ಮಾಂಸ ತಿನ್ನಿಸುತ್ತಿದ್ದ ಲಾಯಗಳ ಮಾತು. ಜೋಳದ ಕಣಿಕೆ, ಹುರುಳಿ, ಒಣಹುಲ್ಲು ಸಿಗುವ ದಖ್ಖನಿನ ಬಯಲಿಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

ಮರಾಠರ ಸೈನ್ಯದಲ್ಲೂ ಮೈಸೂರಿನ ಸೈನ್ಯದಲ್ಲೂ ಶಿಲೇದಾರನೆಂದರೆ ಸ್ವಂತ ಕುದುರೆಯೊಂದಿಗೆ ಚಾಕರಿಗೆ ಬರುವ ಸವಾರ. ಕುದುರೆ ಸತ್ತರೆ ನಷ್ಟ ಅವನದೇ. ಅಂಥವನಿಗೆ ಹಡಗಿನ ಕುದುರೆಯ ಬೆಲೆ ಎಟುಕುವಂಥದ್ದಲ್ಲ. ಅವನಿಗೆ ಬೇಕಾದದ್ದು ಕಡಿಮೆ ಮೇವಿನಲ್ಲಿ ದಿನವೆಲ್ಲ ನಡೆಯುವ, ಕಲ್ಲುನೆಲಕ್ಕೆ ಗೊರಸು ಗಟ್ಟಿಯಿರುವ ಪ್ರಾಣಿ. ಭೀಮಥಡಿಯನ್ನು ಕಡೆದದ್ದು ಈ ಅಗತ್ಯವೇ ಎಂದು ನನ್ನ ನಂಬಿಕೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿದು ದಂಡುಗಳು ಚದುರಿದವು. ಕುದುರೆಯನ್ನು ಕೈಬಿಡದೆ ಉಳಿಸಿಕೊಂಡವರು ಕುರಿಗಾಹಿಗಳು. ಹಿಂಡಿನ ಜೊತೆ ಹೊರಟ ಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಕಾಳಿನ ಚೀಲ. ಅದರ ಮೇಲೆ ಕಾಲು ಕಟ್ಟಿದ ಕೋಳಿ, ರಾತ್ರಿಯಷ್ಟೇ ಹುಟ್ಟಿದ, ನಡೆಯಲಾರದ ಕುರಿಮರಿ. ಒಂದು ಇಡೀ ಮನೆಯೇ ಅಲ್ಲಿರುತ್ತದೆ.

ಅರಬ್ಬಿ, ತುರ್ಕಿ ರಕ್ತ ಬೆರೆತ ಕುದುರೆಯನ್ನು ತಳಿ ಎನ್ನಬಹುದೇ ಎಂಬುದು ಕೊನೆಯ ಆಕ್ಷೇಪ. ಬೆಂಗಳೂರಿನ ರೇಸುಗಳಲ್ಲಿ ಓಡುವ, ಕುಣಿಗಲ್‌ನಲ್ಲಿ ಸಾಕುವ ಥರೋಬ್ರೆಡ್‌ನ ಗಂಡುವಂಶವೂ ಹೊರಗಿನಿಂದ ಇಂಗ್ಲೆಂಡಿಗೆ ತಂದ ಮೂರೇ ಕುದುರೆಗಳಿಗೆ ಹೋಗಿ ನಿಲ್ಲುತ್ತದೆ. ಅದು ಇಂಗ್ಲೆಂಡಿನ ತಳಿಯಲ್ಲ ಎಂದವರಿಲ್ಲ, ಏಕೆಂದರೆ ಅವರು 1791ರಿಂದ ಅದರ ವಂಶಾವಳಿಯ ಪುಸ್ತಕ ಇಟ್ಟಿದ್ದಾರೆ. ಭೀಮಥಡಿಯ ವಂಶಾವಳಿ ಕುರಿಗಾಹಿಗಳ ನೆನಪಿನಲ್ಲಿತ್ತು, ಕಾಗದಕ್ಕೆ ಇಳಿಯಲಿಲ್ಲ. ಇತ್ತೀಚಿನ ವರ್ಷಗಳಲ್ಲಷ್ಟೇ ಕರ್ನಾಲಿನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೊ ಅದನ್ನು ಪ್ರತ್ಯೇಕ ತಳಿಯೆಂದು ನೋಂದಾಯಿಸಿತು. ತವರು ಎಂದು ಬರೆದದ್ದು ಮಹಾರಾಷ್ಟ್ರ. ಭೀಮೆಯಾದರೋ ಅಲ್ಲಿಂದ ಮುಂದೆ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳನ್ನು ಹಾದು ಕೃಷ್ಣೆಯನ್ನು ಸೇರುತ್ತಾಳೆ. ನಮ್ಮ ಕಡೆಯ ತಡಿಯಲ್ಲಿ ಹೇರು ಹೊರುವ ತಟ್ಟುಗಳನ್ನು ಎಣಿಸಿ, ಅಳೆದು, ರಕ್ತಪರೀಕ್ಷೆ ಮಾಡುವ ಕೆಲಸವನ್ನು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಬಹುದು. ದೀಪಾವಳಿ ಕಳೆದು ಹಿಂಡುಗಳು ಹೊರಡುವ ಹೊತ್ತಿಗೆ ದಾರಿಯಲ್ಲಿ ನಿಂತರೆ ಕುದುರೆಗಳೇ ಎದುರಾಗುತ್ತವೆ.