ಗಾಡಿಗೂ ಒಂದು ಚಂದ ಬೇಡವೇ?

ಅಸ್ರ್ ನಮಾಝಿನ ಬಳಿಕ ಮಕ್ಕಳ ಕುರ್‌ಆನ್ ಪಾಠ ಮುಗಿದಿತ್ತು. ಮಗಳನ್ನು ಕರೆದೊಯ್ಯಲು ಬಂದ ತಾಯಿಯೊಬ್ಬರು ಬಾಗಿಲಲ್ಲೇ ನಿಂತು ಹಿಂದೆ ಮುಂದೆ ನೋಡುತ್ತಿದ್ದರು. "ಏನಮ್ಮಾ?" ಎಂದೆ.

"ಆಪಾ, ಒಂದು ಮಸ್‌ಅಲಾ ಕೇಳಬೇಕಿತ್ತು. ಇವಳ ಅಬ್ಬಾ ಗಾಡಿಗೆ 'ಮಾಷಾ ಅಲ್ಲಾಹ್' ಬರೆಸ್ತಾರಂತೆ. ಹಿಂದಿನ ಡೋರಿನ ಮೇಲೆ ಬರೆಸೋದೋ, ಚಕ್ರದ ಹಿಂದೆ ತೂಗುವ ರಬ್ಬರಿನ ಮೇಲೋ? ಎರಡೂ ಕಡೆ ಬರೆಸಿದರೆ ಪೇಂಟರ್ ಸ್ವಲ್ಪ ಕಡಿಮೆಗೆ ಮಾಡಿಕೊಡ್ತಾನಂತೆ."

ನಗು ಬಂತು. ಒಳಗೆ ಕರೆದು ಕೂರಿಸಿದೆ. ಚಹಾ ಮುಗಿಯುವುದರೊಳಗೆ ನಿಜವಾದ ವಿಷಯ ಹೊರಬಿತ್ತು. ಪತಿ ಹಳೆಯದೊಂದು ಬೊಲೆರೊ ಪಿಕಪ್ ಕೊಂಡಿದ್ದಾರೆ. ಈರುಳ್ಳಿ, ಶೇಂಗಾ, ಕಾಳು ಯಾವುದು ಸಿಕ್ಕರೂ ಬಾಡಿಗೆಗೆ ಹೊಡೆಯುತ್ತಾರೆ. ಗಾಡಿಯ ಬಣ್ಣ ಮಾಸಿದೆ, ಮುಂದಿನ ದೀಪಗಳು ಹಳದಿಯಾಗಿವೆ, ಬಾಗಿಲ ಕೆಳಗೆ ತುಕ್ಕು. "ನಿಲ್ದಾಣದಲ್ಲಿ ನಿಲ್ಲಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಹೋಗ್ತಾರೆ" ಎಂಬ ಕೊರಗು ಅವರಿಗೆ. ಅದಕ್ಕೊಂದು ಪಟ್ಟಿ ತಯಾರಾಗಿದೆ: ಮುಂದೆ ಉಕ್ಕಿನ ಗಾರ್ಡ್, ಸುತ್ತಲೂ ಬಣ್ಣದ ದೀಪ, ಅಲಾಯ್ ಚಕ್ರ, ಮ್ಯೂಸಿಕ್ ಹಾರ್ನ್, ಮೈತುಂಬ ಸ್ಟಿಕ್ಕರ್. ಒಟ್ಟು ನಲವತ್ತು ಸಾವಿರ. ಹಣಕ್ಕೆ ದಾರಿ? ಆಕೆ ಮಾತಾಡದೆ ಕಿವಿಯ ಬೆಂಡೋಲೆ ಮುಟ್ಟಿಕೊಂಡರು.

ಸಹೋದರಿಯರೇ, ಇದನ್ನು ಗಂಡಸರ ವಿಷಯ ಎಂದು ಪುಟ ತಿರುವಬೇಡಿ. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿ ನಮ್ಮ ಬಿ.ಜಿ. ಕೆರೆಯನ್ನು ಹಾದೇ ಹೋಗುತ್ತದೆ. ಹಗಲಿರುಳೆನ್ನದೆ ಲಾರಿಗಳ ಓಡಾಟ. ಇಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದು ಗಾಡಿ ಓಡಿದರೆ ಮಾತ್ರ. 2011ರ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ತಡೆದು, ಮರು ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಅದನ್ನು ವಿಸ್ತರಿಸಿದಾಗ ಸಾಲದ ಲಾರಿಗಳು ನಿಂತಲ್ಲೇ ನಿಂತವು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ ಎಂಬುದು ಆಗ ಮೊದಲು ಗೊತ್ತಾದದ್ದು ಅಡುಗೆ ಮನೆಗೆ. ಗಾಡಿಗೆ ಎಷ್ಟು ಸುರಿಯಬೇಕು ಎಂಬ ಮಾತಿನಲ್ಲಿ ಮನೆಯಾಕೆಗೂ ಪಾಲಿದೆ.

ಹಾಗೆಂದು ಗಾಡಿಯ ಅಲಂಕಾರವೇ ತಪ್ಪು ಎನ್ನಲು ನಾನು ಸಿದ್ಧಳಿಲ್ಲ. ಕುರ್‌ಆನಿನ ಅನ್ನಹ್ಲ್ ಅಧ್ಯಾಯದ ಆರಂಭದಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳ ಪ್ರಸ್ತಾಪವಿದೆ. ಅವು ಸವಾರಿಗಷ್ಟೇ ಅಲ್ಲ, ಶೋಭೆಗೂ ಹೌದು ಎಂದು ಅಲ್ಲಾಹನು ತನ್ನ ಅನುಗ್ರಹಗಳ ಸಾಲಿನಲ್ಲಿ ಎಣಿಸಿದ್ದಾನೆ. ಒಳ್ಳೆಯ ಬಟ್ಟೆ, ಒಳ್ಳೆಯ ಪಾದರಕ್ಷೆ ಇಷ್ಟಪಡುವುದು ಅಹಂಕಾರವೇ ಎಂದು ಒಬ್ಬರು ಕೇಳಿದಾಗ ಪ್ರವಾದಿ(ಸ) ಅದನ್ನು ಅಹಂಕಾರವೆನ್ನಲಿಲ್ಲ. ಸತ್ಯವನ್ನು ತಳ್ಳಿಹಾಕುವುದು, ಜನರನ್ನು ಕೀಳಾಗಿ ಕಾಣುವುದು ಅಹಂಕಾರ ಎಂದು ತಿಳಿಸಿಕೊಟ್ಟರು. ದುಡಿದು ತಿನ್ನಿಸುವ ಗಾಡಿ ಚೊಕ್ಕಟವಾಗಿರಲಿ ಎಂದು ಬಯಸಿದ ಆ ಅಬ್ಬಾನದೂ ಅಂತಹ ದೊಡ್ಡ ತಪ್ಪೇನಲ್ಲ. ತಪ್ಪಿದ್ದುದು ಅವರ ಪಟ್ಟಿಯಲ್ಲಿ.

ನನಗೆ ಗಾಡಿಯ ವಿಷಯ ಎಲ್ಲಿಂದ ಗೊತ್ತು ಎನ್ನುತ್ತೀರಾ? ನನ್ನ ಮಾಮು ಲಾರಿಗಳಿಗೆ ಬಣ್ಣ ಹಚ್ಚುತ್ತಿದ್ದವರು. ನವಿಲು, ಗುಲಾಬಿ, ಹಾರುವ ಪಾರಿವಾಳ ಎಲ್ಲವೂ ಅವರ ಕುಂಚದಿಂದಲೇ. ಕಂಪ್ಯೂಟರಿನಲ್ಲಿ ಕತ್ತರಿಸುವ ಸ್ಟಿಕ್ಕರ್ ಬಂದ ಮೇಲೆ ಕುಂಚ ಮೂಲೆ ಸೇರಿತು. ಆದರೆ ಅವರು ಹೇಳುತ್ತಿದ್ದ ಮಾತು ಈಗಲೂ ಕೆಲಸಕ್ಕೆ ಬರುತ್ತದೆ: "ಮೊದಲು ತೊಳಿ, ಆಮೇಲೆ ತುಕ್ಕು ತೆಗಿ, ಬಣ್ಣ ಕೊನೆಗೆ."

ತೊಳೆಯುವುದರಿಂದಲೇ ಆರಂಭಿಸೋಣ. ನಮ್ಮದು ಮಳೆ ಕಡಿಮೆ, ಬಿಸಿಲು ಮತ್ತು ಧೂಳು ಹೆಚ್ಚಿರುವ ಸೀಮೆ. ಧೂಳು ಎಂದರೆ ಸಣ್ಣ ಮರಳೇ. ಅದನ್ನು ಒಣ ಬಟ್ಟೆಯಿಂದ ಒರೆಸಿದರೆ ಬಣ್ಣದ ಮೇಲೆ ಸಾವಿರ ಗೀರು ಬೀಳುತ್ತವೆ. ಗಾಡಿ ಮಂಕಾಗಲು ಅರ್ಧ ಕಾರಣ ಈ ಒಣ ಬಟ್ಟೆಯೇ. ಮೊದಲು ಬರಿಯ ನೀರು ಹೊಯ್ದು ಧೂಳು ಇಳಿಸಬೇಕು. ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರಿಯ ನೀರು. ಮೇಲಿನಿಂದ ಕೆಳಗೆ ಬನ್ನಿ, ಚಕ್ರ ಕೊನೆಗೆ. ಬಟ್ಟೆ ಒಗೆಯುವ ಪುಡಿ, ಸೋಡಾ ಬೇಡ. ಅವು ಬಣ್ಣದ ಮೇಲಿನ ಮೇಣದ ಪದರವನ್ನೂ ತೊಳೆದು ಹಾಕುತ್ತವೆ. ನಮ್ಮ ಬೋರ್‌ವೆಲ್ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಕಲೆ ಉಳಿಯುತ್ತದೆ. ಆದ್ದರಿಂದ ಸಂಜೆಯೋ ಬೆಳಗ್ಗೆಯೋ ನೆರಳಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನೀರು ಒರೆಸಿಬಿಡಬೇಕು. ಹಳೆಯ ಬನಿಯನ್ ಸಾಕು. ಕೆಲವರು ಮಿಂಚಲೆಂದು ಡೀಸೆಲ್ ಹಚ್ಚಿ ಒರೆಸುತ್ತಾರಲ್ಲ, ಅದು ಒಂದು ದಿನದ ಹೊಳಪು. ಮರುದಿನ ಊರ ಧೂಳೆಲ್ಲ ಅದಕ್ಕೇ ಅಂಟುತ್ತದೆ, ಬಾಗಿಲ ರಬ್ಬರ್ ಬೇರೆ ಹಾಳಾಗುತ್ತದೆ.

ತೊಳೆದ ಮೇಲೆಯೂ ಬಣ್ಣ ಮಂಕಾಗಿದ್ದರೆ ತಕ್ಷಣ ಪೇಂಟಿಂಗ್‌ಗೆ ಓಡಬೇಕಿಲ್ಲ. ರಬ್ಬಿಂಗ್ ಕಾಂಪೌಂಡ್ ಎಂಬ ಲೇಪ ಬರುತ್ತದೆ. ಒದ್ದೆ ಬಟ್ಟೆಯಲ್ಲಿ ಹಚ್ಚಿ ಮೆಲ್ಲಗೆ ಉಜ್ಜಿದರೆ ಸತ್ತುಹೋದ ಮೇಲ್ಪದರ ಹೋಗಿ ಒಳಗಿನ ಬಣ್ಣ ಕಾಣುತ್ತದೆ. ಅದರ ಮೇಲೆ ವ್ಯಾಕ್ಸ್ ಪಾಲಿಶ್. ಆದರೆ ಕಾಂಪೌಂಡ್ ಬಣ್ಣವನ್ನು ಸವೆಸಿಯೇ ಹೊಳಪು ಕೊಡುವುದು. ತಿಂಗಳಿಗೊಮ್ಮೆ ಉಜ್ಜುತ್ತಾ ಕೂತರೆ ಕೊನೆಗೆ ತಗಡೇ ಕಾಣುತ್ತದೆ! ವರ್ಷಕ್ಕೊಮ್ಮೆ ಸಾಕು.

ಹಳದಿಯಾದ ಹೆಡ್‌ಲೈಟ್ ಬದಲಿಸಲು ಆ ಅಬ್ಬಾ ಸಾವಿರಗಟ್ಟಲೆ ಹಣ ತೆಗೆದಿಟ್ಟಿದ್ದರು. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಬಿಸಿಲಿಗೆ ಅದರ ಮೇಲ್ಪದರ ಹಳದಿಯಾಗುತ್ತದೆ, ಅಷ್ಟೇ. ಸುತ್ತಲ ಬಣ್ಣಕ್ಕೆ ತಾಗದಂತೆ ಟೇಪ್ ಅಂಟಿಸಿ, ನೀರು ಹಾಕುತ್ತಾ 800 ನಂಬರಿನ ವಾಟರ್ ಪೇಪರಿನಿಂದ ಆರಂಭಿಸಿ 2000 ನಂಬರಿನವರೆಗೆ ಉಜ್ಜಿ, ಕಾಂಪೌಂಡ್ ಹಾಕಿದರೆ ತಿಳಿಯಾಗುತ್ತದೆ. ಮೇಲೆ ಬಿಸಿಲು ತಡೆಯುವ ಕ್ಲಿಯರ್ ಕೋಟ್ ಹೊಡೆಸದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಮೊದಲಿನಂತೆ. ಟೂತ್‌ಪೇಸ್ಟ್ ಹಚ್ಚುವವರೂ ಇದ್ದಾರೆ. ಅದು ಮದುವೆ ಮನೆಗೆ ಹೋಗಿ ಬರುವಷ್ಟು ಹೊತ್ತಿನ ಕೆಲಸ. ದೀಪ ತಿಳಿಯಾದರೆ ಗಾಡಿಯ ಮುಖಕ್ಕೆ ಕಳೆ ಬರುವುದಷ್ಟೇ ಅಲ್ಲ, ರಾತ್ರಿ ದಾರಿ ಕಾಣುತ್ತದೆ.

ತುಕ್ಕಿನ ವಿಷಯದಲ್ಲಿ ಮೋಸ ಹೋಗುವವರೇ ಹೆಚ್ಚು. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಟ್ಟರೆ ಮೂರು ತಿಂಗಳು ಚಂದ. ಮಳೆಗಾಲ ಬರಲಿ, ಗುಳ್ಳೆ ಎದ್ದು ಪುಟ್ಟಿ ಸಮೇತ ಉದುರುತ್ತದೆ. ತಂತಿ ಬ್ರಷ್‌ನಿಂದ ಹಸಿ ಕಬ್ಬಿಣ ಕಾಣುವವರೆಗೆ ಕೆರೆಯಬೇಕು. ಕೂಡಲೇ ರೆಡ್ ಆಕ್ಸೈಡ್ ಹಚ್ಚಬೇಕು. ಅದು ಒಣಗಿದ ಮೇಲೆ ಎನಾಮೆಲ್. ಹಿಂದಿನ ಡಬ್ಬಿಗೆ, ಚೌಕಟ್ಟಿಗೆ, ಉಕ್ಕಿನ ಚಕ್ರಗಳಿಗೆ ಇದನ್ನು ಮನೆಯಲ್ಲೇ ಬ್ರಷ್‌ನಿಂದ ಹಚ್ಚಬಹುದು. ಚಕ್ರಕ್ಕೆ ಒಂದು ಸಿಲ್ವರ್ ಪೇಂಟ್ ಬಳಿದರೆ ಅಲಾಯ್ ಚಕ್ರದ ಆಸೆ ಅರ್ಧ ತೀರುತ್ತದೆ. ಬಾಗಿಲು, ಬಾನೆಟ್‌ನಂತಹ ನುಣುಪಾದ ಭಾಗಗಳನ್ನು ಮಾತ್ರ ಸ್ಪ್ರೇ ಮಾಡುವವರಿಗೆ ಬಿಡಿ. ಗಾಡಿಯ ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು, ನೆನಪಿರಲಿ. ಬಾಡಿಗೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕಲ್ಲ. ಹೇಗೂ ಆಗ ಬಣ್ಣಕ್ಕೆ ಕೈ ಹಾಕಲೇಬೇಕು. ಈ ಕೆಲಸಗಳನ್ನೆಲ್ಲ ಅದೇ ಸಮಯಕ್ಕೆ ಇಟ್ಟುಕೊಂಡರೆ ಎರಡು ಖರ್ಚು ಒಂದಾಗುತ್ತದೆ.

ಪಟ್ಟಿಯಲ್ಲಿ ಇಲ್ಲದಿದ್ದ ವಸ್ತು

ನಲವತ್ತು ಸಾವಿರದ ಆ ಪಟ್ಟಿಯಲ್ಲಿ ಹೊಳೆಯುವ ಪಟ್ಟಿ ಇರಲೇ ಇಲ್ಲ. ನಾವೆಲ್ಲ 'ರೇಡಿಯಂ' ಎನ್ನುತ್ತೇವಲ್ಲ, ಅದೇ. ಅದರಲ್ಲಿ ರೇಡಿಯಂ ಇಲ್ಲ ಎಂಬುದು ಬೇರೆ ಮಾತು. ನಿಜವಾದ ರೇಡಿಯಂ ಅಪಾಯಕಾರಿ. ಅಮೆರಿಕದ ನ್ಯೂಜೆರ್ಸಿಯಲ್ಲಿ 1917ರಿಂದ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಅನೇಕರ ದವಡೆಯ ಮೂಳೆ ಕೊಳೆಯಿತು, ಪ್ರಾಣವೇ ಹೋಯಿತು. ನಮ್ಮ ಲಾರಿಗಳ ಪಟ್ಟಿಯಲ್ಲಿ ಇರುವುದು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವ ಸಣ್ಣ ಸಣ್ಣ ಗಾಜಿನ ಮಣಿ ಅಥವಾ ಪಟ್ಟಕಗಳು. ಮುಂದೆ ಬಿಳಿ, ಬದಿಗೆ ಹಳದಿ, ಹಿಂದೆ ಕೆಂಪು. ಅಗ್ಗದ ನಕಲಿ ಪಟ್ಟಿ ಹಗಲು ಮಾತ್ರ ಹೊಳೆಯುತ್ತದೆ. ಮಾನ್ಯತೆ ಪಡೆದ ಪಟ್ಟಿಯ ಮೇಲೆ ಎಐಎಸ್-090 ಎಂದು ಅಚ್ಚಾಗಿರುತ್ತದೆ, ನೋಡಿಯೇ ಕೊಳ್ಳಿ.

ನಾನು ಇದನ್ನು ಹೇಳುತ್ತಿದ್ದಂತೆ ಆ ತಾಯಿಯ ಮುಖ ಬಾಡಿತು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಣ್ಣ ಹೋಗಿದ್ದೂ ಹಾಗೇ ಆಪಾ" ಎಂದರು. ಹಿರಿಯೂರಿನಾಚೆ, ಫಜ್ರ್‌ಗೆ ಇನ್ನೂ ಒಂದು ಗಂಟೆ ಇರುವಾಗ, ಕೆಟ್ಟು ನಿಂತಿದ್ದ ಗಾಡಿಯ ಹಿಂಬದಿಗೆ ಅವರ ಬೈಕ್ ಗುದ್ದಿತ್ತು. ಆ ಗಾಡಿಗೆ ಹಿಂದೆ ದೀಪವೂ ಇರಲಿಲ್ಲ, ಒಂದು ಗೇಣು ಪಟ್ಟಿಯೂ ಇರಲಿಲ್ಲ. "ಆ ಗಾಡಿ ಮೇಲೆ ಹೂವು, ಹಕ್ಕಿ ಎಲ್ಲಾ ಬರೆಸಿದ್ದರಂತೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

ದಾರಿಯಲ್ಲಿ ಬಿದ್ದ ತೊಂದರೆಯ ವಸ್ತುವನ್ನು ಪಕ್ಕಕ್ಕೆ ಸರಿಸುವುದೂ ಈಮಾನಿನ ಒಂದು ಶಾಖೆ ಎಂದು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇನೆ. ಮುಳ್ಳು, ಕಲ್ಲು ಎಂದೇ ಉದಾಹರಣೆ ಕೊಡುತ್ತಿದ್ದೆ. ಕತ್ತಲಲ್ಲಿ ನಿಂತ ಗಾಡಿಯನ್ನೂ ಸೇರಿಸಬೇಕೆಂದು ಅಂದು ಹೊಳೆಯಿತು.

ಪಟ್ಟಿಯ ಉಳಿದವುಗಳ ಮೇಲೆ ಹೆಚ್ಚು ಮಾತು ಬೇಡ. ಮುಂದಿನ ಉಕ್ಕಿನ ಗಾರ್ಡನ್ನು 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯವೇ ಬೇಡವೆಂದಿದೆ. ಗುದ್ದಿದಾಗ ನಡೆದು ಹೋಗುವವರಿಗೂ ಒಳಗೆ ಕೂತವರಿಗೂ ಅದರಿಂದ ಪೆಟ್ಟು ಹೆಚ್ಚು. ಸ್ಕಾರ್ಪಿಯೊ, ಇನ್ನೋವಾ ಇರುವ ಮನೆಗಳಲ್ಲಿ ಪರ್ದಾದ ಹೆಸರಿನಲ್ಲಿ ಗಾಜಿಗೆ ಕಪ್ಪು ಫಿಲ್ಮ್ ಹಾಕಿಸುವುದುಂಟು. 2012ರಲ್ಲೇ ಸುಪ್ರೀಂ ಕೋರ್ಟು ಅದನ್ನು ತಡೆದಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇಕಡಾ 70, ಬದಿಯ ಗಾಜಿನಲ್ಲಿ ಶೇಕಡಾ 50ರಷ್ಟಾದರೂ ಬೆಳಕು ಹಾಯಬೇಕೆಂಬುದು ನಿಯಮ. ಪರ್ದಾಕ್ಕೆ ನಮಗೆ ಬುರ್ಖಾ ಇದೆ, ಗಾಜಿಗೆ ಮಸಿ ಬಳಿಯಬೇಕಿಲ್ಲ!

ಇನ್ನು ಆಕೆ ಕೇಳಲು ಬಂದಿದ್ದ ಮಸ್‌ಅಲಾ. ಚಕ್ರದ ಹಿಂದಿನ ರಬ್ಬರಿಗೆ ಬೀಳುವುದು ರಸ್ತೆಯ ಕೆಸರು, ಸೆಗಣಿ, ಚರಂಡಿಯ ನೀರು. ಅಲ್ಲಾಹನ ಹೆಸರನ್ನು ಅಲ್ಲಿ ಬರೆಸುವುದೆಂದರೇನು? ಹಿಂದಿನ ಡೋರು ಇಳಿಸಿದಾಗ ಹಮಾಲರು ಅದರ ಮೇಲೆಯೇ ಕಾಲಿಟ್ಟು ಹತ್ತುತ್ತಾರೆ. ಎರಡೂ ಕಡೆ ಬೇಡವೆಂದೆ. ವಾಹನ ಏರುವಾಗ ಹೇಳುವ ದುಆ ಇರುವುದು ಅಝ್ಝುಖ್ರುಫ್ ಅಧ್ಯಾಯದಲ್ಲಿ. ಆ ಅಧ್ಯಾಯದ ಹೆಸರಿನ ಅರ್ಥವೇ ಬಂಗಾರದ ಅಲಂಕಾರ. ಅದನ್ನೊಂದು ಚೊಕ್ಕ ಕಾರ್ಡಿನಲ್ಲಿ ಬರೆದು ಕ್ಯಾಬಿನ್ ಒಳಗೆ, ಕಣ್ಣಿಗೆ ಕಾಣುವಲ್ಲಿ ಇಡಲಿ, ಸ್ಟೀರಿಂಗ್ ಹಿಡಿಯುವ ಮುನ್ನ ಓದಲಿ. ಬಂಪರಿಗೆ ಕಟ್ಟಿದ್ದ ಹಳೆಯ ಚಪ್ಪಲಿ, ಕಪ್ಪು ದಾರದ ಬಗ್ಗೆಯೂ ಕೇಳಿದರು. ಒಂದು ಪ್ರಯಾಣದಲ್ಲಿ ಪ್ರವಾದಿ(ಸ) ಒಂಟೆಗಳ ಕೊರಳಿಗೆ ಕಟ್ಟಿದ್ದ ಹುರಿಗಳನ್ನು ಕತ್ತರಿಸಿ ಹಾಕಲು ಹೇಳಿ ಕಳಿಸಿದ್ದರು. ಅದು ದೃಷ್ಟಿ ತಾಗದಿರಲೆಂದು ಕಟ್ಟುತ್ತಿದ್ದ ಹುರಿ ಎಂದು ಇಮಾಮ್ ಮಾಲಿಕ್ ಅಭಿಪ್ರಾಯಪಟ್ಟಿದ್ದಾರೆ. ಒಂಟೆಯ ಜಾಗದಲ್ಲಿ ಈಗ ಪಿಕಪ್ ಬಂದಿದೆ.

ಬೆಂಡೋಲೆಯ ಮಾತನ್ನು ನಾನೇ ಎತ್ತಿದೆ. ಅಡವಿಟ್ಟರೆ ಬಡ್ಡಿ ಕಟ್ಟಬೇಕು. ಮನೆಯಲ್ಲಿ ಕಾಯಿಲೆ, ಶಾಲೆಯ ಫೀಸು ಎಂದಿದ್ದರೆ ಆ ಮಾತು ಬೇರೆ. ಬಣ್ಣದ ದೀಪಕ್ಕಾಗಿ ಬಡ್ಡಿಯ ಬಾಗಿಲು ತಟ್ಟುವುದೇ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಹಿರಿಯರು ಆಡಿಕೊಳ್ಳುತ್ತಿದ್ದುದು ಇಂತಹುದಕ್ಕೇ. "ನೀನೇ ಹೇಳಬೇಡ, ಲೆಕ್ಕ ಬರೆದು ಕೈಗೆ ಕೊಡು" ಎಂದು ಒಂದು ಚೀಟಿ ಬರೆದುಕೊಟ್ಟೆ: ಶಾಂಪೂ, ಕಾಂಪೌಂಡ್, ವ್ಯಾಕ್ಸ್, ವಾಟರ್ ಪೇಪರ್, ರೆಡ್ ಆಕ್ಸೈಡ್, ಎನಾಮೆಲ್, ಸಿಲ್ವರ್ ಪೇಂಟ್, ಹೊಳೆಯುವ ಪಟ್ಟಿ, ಬಾಗಿಲಿನ ಟಿಂಕರಿಂಗ್ ಮತ್ತು ಸ್ಪ್ರೇಯ ಕೂಲಿ.

ಹತ್ತು ದಿನ ಆ ಮನೆಯಿಂದ ಸುದ್ದಿಯೇ ಇರಲಿಲ್ಲ. ಕೋಪ ಬಂದಿರಬೇಕೆಂದುಕೊಂಡೆ. ಆಮೇಲೆ ಒಂದು ದಿನ ಮಗ್ರಿಬ್ ಕಳೆದು ಕತ್ತಲಾಗುವಾಗ ಓಣಿಯಲ್ಲಿ ಗಾಡಿಯ ಸದ್ದು. ಕಿಟಕಿಯಿಂದ ನೋಡಿದರೆ ಅದೇ ಪಿಕಪ್. ಹಿಂದೆ ಬಂದ ಬೈಕಿನ ಬೆಳಕು ಬಿದ್ದದ್ದೇ ತಡ, ಹಿಂಬದಿಯಲ್ಲಿ ಕೆಂಪು ಗೆರೆ ಈ ತುದಿಯಿಂದ ಆ ತುದಿಗೆ ಹೊತ್ತಿಕೊಂಡಿತು. ಹುಡುಗಿ ಕೆಳಗಿಳಿದು ಓಡಿಬಂದು, "ಆಪಾ, ಚಕ್ರಕ್ಕೆ ನಾನೂ ಬಣ್ಣ ಹಚ್ಚಿದೆ" ಎಂದು ಬೆಳ್ಳಿ ಬಣ್ಣದ ಉಗುರು ತೋರಿಸಿದಳು. ಖರ್ಚು ಒಟ್ಟು ಆರು ಸಾವಿರ ದಾಟಿಲ್ಲವಂತೆ. ತಾಯಿಯ ಕಿವಿಯಲ್ಲಿ ಬೆಂಡೋಲೆ ಇತ್ತು.

ಮ್ಯೂಸಿಕ್ ಹಾರ್ನ್ ವಿಷಯದಲ್ಲಿ ಮಾತ್ರ ಗಂಡ ಹೆಂಡಿರ ವಾದ ಇನ್ನೂ ಮುಗಿದಿಲ್ಲವಂತೆ.