ಬಾವಲಿಗೆ ಹೆಸರುಂಟು, ಕೆಳಗಿನ ಜೀರುಂಡೆಗೆ?

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಹರಿಯುವ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅದೇ ಕಾಡಿನ ಸಾಲಿನಲ್ಲಿ, ತಳೇವಾಡಿ ಕಡೆ, ಬಾರಾಪೇಡೆ ಎಂಬ ಗವಿಯಿದೆ. ಕಳಸಾ-ಬಂಡೂರಿ ನೀರಿನ ಹೋರಾಟದಿಂದಾಗಿ ಅಲ್ಲಿನ ಹಳ್ಳಗಳ ಹೆಸರು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಗವಿಯ ಹೆಸರು ಮಾತ್ರ ನಮಗಿಂತ ಲಂಡನ್ನಿನ ಮ್ಯೂಸಿಯಂನವರಿಗೆ ಹೆಚ್ಚು ಪರಿಚಿತ.

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ದೇಶದ ಸಸ್ತನಿಗಳ ಸಮೀಕ್ಷೆಗೆ ಕೈಹಾಕಿತ್ತು. ಅದರ ಹಿಂದಿದ್ದವರಲ್ಲಿ ಅರಣ್ಯಾಧಿಕಾರಿಯಾಗಿದ್ದ ಆರ್.ಸಿ. ರಾಟನ್ ಒಬ್ಬರು. ಬಾರಾಪೇಡೆಯ ಬಾವಲಿಯೊಂದು ಬ್ರಿಟಿಷ್ ಮ್ಯೂಸಿಯಂನ ಓಲ್ಡ್‌ಫೀಲ್ಡ್ ಥಾಮಸ್ ಅವರ ಕೈಸೇರಿತು. ಅಗಲವಾದ ಎರಡು ಕಿವಿಗಳು ಹಣೆಯ ಮೇಲೆ ಒಂದಕ್ಕೊಂದು ಕೂಡಿಕೊಂಡು ಮೂತಿಯತ್ತ ಚಾಚಿದ್ದವು. ಮೈ ಗಾಢ ಕಂದು, ಕತ್ತಿನ ಹಿಂದೆ ಮಾಸಲು ಬಿಳಿ ಪಟ್ಟಿ, ಚರ್ಮದ ಪೊರೆಯಿಂದ ಹೊರಗೆ ಇಳಿಬಿದ್ದ ಬಾಲ. ಮುಂಗೈ ಮೂಳೆ ಸುಮಾರು 65 ಮಿಲಿಮೀಟರ್.

1913ರಲ್ಲಿ ಥಾಮಸ್ ಇದಕ್ಕೆ ರಾಟನ್ ಅವರ ಹೆಸರಿಟ್ಟರು. ಅಷ್ಟಕ್ಕೇ ನಿಲ್ಲದೆ, ಇದನ್ನೇ ಆಧಾರವಾಗಿಟ್ಟುಕೊಂಡು ‘ಓಟೊಮಾಪ್ಸ್’ ಎಂಬ ಹೊಸ ಕುಲವನ್ನೇ ಹುಟ್ಟುಹಾಕಿದರು. ಇವತ್ತು ಆಫ್ರಿಕಾ, ಮಡಗಾಸ್ಕರ್, ಪಪುವಾ ನ್ಯೂಗಿನಿಯ ಬಾವಲಿಗಳೂ ಈ ಕುಲದ ಹೆಸರು ಹೊತ್ತಿವೆ. ಅವೆಲ್ಲ ಈ ಕುಲಕ್ಕೆ ಸೇರುತ್ತವೆಯೋ ಇಲ್ಲವೋ ಎಂಬ ಮಾತು ಬಂದಾಗ ಮೊದಲ ಅಳತೆಗೋಲು ಖಾನಾಪುರದ ಈ ಬಾವಲಿಯೇ.

ಸುಮಾರು ತೊಂಬತ್ತು ವರ್ಷ ಈ ಬಾವಲಿಗೆ ಬಾರಾಪೇಡೆ ಬಿಟ್ಟರೆ ಬೇರೆ ವಿಳಾಸ ಇರಲಿಲ್ಲ. ಮುಂದೆ ಕಾಂಬೋಡಿಯಾದಲ್ಲಿ ಒಂದು ಸಿಕ್ಕಿತು. ಮೇಘಾಲಯದ ಗವಿಗಳಲ್ಲೂ ಕಂಡಿತು. ಅಳಿವಿನಂಚಿನ ತೀರಾ ಗಂಭೀರ ಪಟ್ಟಿಯಲ್ಲಿದ್ದ ಅದನ್ನು, ಜೀವಿಗಳ ಸ್ಥಿತಿ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ‘ಮಾಹಿತಿ ಸಾಲದು’ ಎಂಬ ಗುಂಪಿಗೆ ಸರಿಸಿತು. ನಮ್ಮ ವನ್ಯಜೀವಿ ಕಾಯ್ದೆ ಅದನ್ನು ಹುಲಿಯಿರುವ ಮೊದಲ ಅನುಸೂಚಿಯಲ್ಲೇ ಕೂರಿಸಿದೆ. 2011ರಲ್ಲಿ ಬಾರಾಪೇಡೆಯ ಕಾಡು ಭೀಮಗಡ ವನ್ಯಜೀವಿಧಾಮವೆಂದು ಘೋಷಣೆಯಾದಾಗ ಈ ಬಾವಲಿಯ ಹೆಸರೂ ಕೆಲಸ ಮಾಡಿತ್ತು.

ಹಿಕ್ಕೆಯೇ ಅನ್ನ

ಗವಿಯ ಒಳಗೆ ಬಿಸಿಲಿಲ್ಲ. ಬಿಸಿಲಿಲ್ಲದ ಕಡೆ ಹಸಿರಿಲ್ಲ. ಊಟವೆಲ್ಲ ಹೊರಗಿನಿಂದಲೇ ಬರಬೇಕು. ರಾತ್ರಿಯಿಡೀ ಕೀಟ ಹಿಡಿದು ತಿಂದು ಬಂದ ಬಾವಲಿ ಹಗಲು ಉದುರಿಸುವ ಹಿಕ್ಕೆಯೇ ಕೆಳಗಿನವರ ಅನ್ನ. ಬೂಷ್ಟು, ನುಸಿ, ಜಿರಲೆ, ಜೀರುಂಡೆ, ಅವನ್ನು ಹಿಡಿಯುವ ಜೇಡ, ಎಲ್ಲವೂ ಆ ರಾಶಿಯ ಮೇಲೆಯೇ ಬದುಕುತ್ತವೆ. ಬಾವಲಿ ಗವಿ ಬಿಟ್ಟು ಹೋದರೆ ಈ ಸಂಸಾರಕ್ಕೆ ಉಪವಾಸ.

ಇಂಥ ಜೀರುಂಡೆಗೆ ಹೆಸರಿಡುವುದು ಬಾವಲಿಗೆ ಇಟ್ಟಷ್ಟು ಸಲೀಸಲ್ಲ. ಕೆಲವೇ ಮಿಲಿಮೀಟರ್ ಉದ್ದದ ಹುಳದ ಮೀಸೆಯ ಗಂಟುಗಳನ್ನು ಎಣಿಸಬೇಕು, ರೆಕ್ಕೆಗವಚದ ಗೀರುಗಳನ್ನು ನೋಡಬೇಕು. ಎಷ್ಟೋ ಪ್ರಭೇದಗಳಲ್ಲಿ ಗಂಡಿನ ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ಇಟ್ಟಾಗಲೇ ವ್ಯತ್ಯಾಸ ತಿಳಿಯುವುದು. ಆಮೇಲೆ ಹತ್ತಿರದ ಪ್ರಭೇದಗಳೊಂದಿಗೆ ಹೋಲಿಸಿ, ಒಂದು ಹುಳವನ್ನು ಮಾದರಿಯೆಂದು ಗೊತ್ತುಮಾಡಿ, ಸಿಕ್ಕ ಜಾಗವನ್ನು ನಮೂದಿಸಿ ಪ್ರಕಟಿಸಬೇಕು. ಅಲ್ಲಿಯವರೆಗೆ ಅದು ವಿಜ್ಞಾನದ ಲೆಕ್ಕಕ್ಕೆ ಬರುವುದಿಲ್ಲ. ಕಾನೂನಿನ ಲೆಕ್ಕಕ್ಕಂತೂ ದೂರದ ಮಾತು.

ಗವಿಗೇ ಮೀಸಲಾದ ಜೀರುಂಡೆಗೆ ಮೊದಲ ಹೆಸರು ಬಿದ್ದದ್ದು ಇಂದಿನ ಸ್ಲೊವೇನಿಯಾದಲ್ಲಿ. ಪೋಸ್ಟೋಯ್ನಾ ಗವಿಯ ಕಣ್ಣಿಲ್ಲದ, ನೀಳ ಕಾಲಿನ ‘ಲೆಪ್ಟೊಡೈರಸ್’ ಅನ್ನು 1832ರಲ್ಲಿ ಫರ್ಡಿನಾಂಡ್ ಶ್ಮಿಟ್ ವರ್ಣಿಸಿದರು. ಹೆಸರಿನಿಂದ ಕುತ್ತು ಬಂದ ಉದಾಹರಣೆಯೂ ಅಲ್ಲಿಯದೇ. 1930ರ ದಶಕದಲ್ಲಿ ಹಿಟ್ಲರನ ಹೆಸರು ಅಂಟಿಸಿಕೊಂಡ ಒಂದು ಕುರುಡು ಜೀರುಂಡೆ, ಆ ಹೆಸರಿನ ಹುಚ್ಚಿಗೇ ಸಂಗ್ರಹಕಾರರ ಬೇಟೆಯಾಯಿತು. ಹೆಸರಿಟ್ಟ ಮೇಲೆ ಗವಿಯನ್ನು ಕಾಯುವವರೂ ಇರಬೇಕು.

ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಮೇಲ್ಪಂಕ್ತಿ ಹಳೆಯದು. ಝೂಲಾಜಿಕಲ್ ಸರ್ವೆಯ ಸ್ಟ್ಯಾನ್ಲಿ ಕೆಂಪ್ ಮತ್ತು ಬಿ. ಚೋಪ್ರಾ 1922ರಲ್ಲಿ ಮೇಘಾಲಯದ ಸಿಜು ಗವಿಗೆ ಇಳಿದು, ಸಸ್ತನಿಯಿಂದ ಹುಳದವರೆಗೆ ಕಂಡದ್ದನ್ನೆಲ್ಲ ಸಂಗ್ರಹಿಸಿದರು. 1924ರಲ್ಲಿ ಅದರ ವರದಿ ಅಚ್ಚಾಯಿತು. ಭೀಮಗಡಕ್ಕೂ ಅಂಥದೇ ಪಟ್ಟಿ ಬೇಕು. ಧಾರವಾಡ, ಬೆಳಗಾವಿಯ ವಿಶ್ವವಿದ್ಯಾಲಯಗಳಿಂದ ಈ ಕಾಡು ದೂರವಿಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು, ಬಾವಲಿಗಳು ಮರಿ ಹಾಕುವ ಕಾಲ ಬಿಟ್ಟು, ನಾಲ್ಕು ಜನ ಮಾತ್ರ ಮಂದ ದೀಪ ಹಿಡಿದು ಹೋದರೆ ಸಾಕು. ಚಾರಣದ ಹೆಸರಲ್ಲಿ ಗುಂಪು ಕಟ್ಟಿಕೊಂಡು, ಟಾರ್ಚು ಝಳಪಿಸುತ್ತ ಗವಿಗೆ ನುಗ್ಗುವುದನ್ನು ನಾವೂ ಬಿಡಬೇಕು. 1913ರಲ್ಲಿ ಬಾವಲಿ ಹೆಸರಿಗಾಗಿ ಕಡಲು ದಾಟಬೇಕಾಯಿತು. ಜೀರುಂಡೆಗೆ ಹೆಸರಿಡುವ ಕೆಲಸವನ್ನು ಕಿತ್ತೂರಿನ, ರಾಮದುರ್ಗದ ಪ್ರಾಣಿಶಾಸ್ತ್ರದ ಹುಡುಗರೇ ಕಲಿತು ಮಾಡಬಹುದು.